ದಿಗ್ಗಜರ ಸಾಲಿನಲ್ಲಿ ಬಿಳಿಯ ರ‍್ಯಾಪರ್

2023ರಲ್ಲಿ, ತಾಳಕ್ಕೆ ಪ್ರಾಸದ ಮಾತು ಹೊಂದಿಸುವ ರ‍್ಯಾಪ್ ಹುಟ್ಟಿ ಬೆಳೆದ ಹಿಪ್ ಹಾಪ್‌ನ ಐವತ್ತನೆಯ ವರ್ಷದ ಸಂಭ್ರಮ ನಡೆಯುತ್ತಿದ್ದಾಗ ಅಮೆರಿಕದ ಬಿಲ್‌ಬೋರ್ಡ್ ಮತ್ತು ವೈಬ್ ಪತ್ರಿಕೆಗಳು ಜೊತೆಗೂಡಿ ಸಾರ್ವಕಾಲಿಕ ಶ್ರೇಷ್ಠ ಐವತ್ತು ರ‍್ಯಾಪರ್‌ಗಳ ಪಟ್ಟಿಯೊಂದನ್ನು ಪ್ರಕಟಿಸಿದವು. ಜೇ-ಝೀ ಮೊದಲಿಗ, ಕೆಂಡ್ರಿಕ್ ಲಮಾರ್ ಎರಡನೆಯವ, ಆಮೇಲೆ ನಾಸ್, ಟೂಪಾಕ್ ಶಕೂರ್, ಐದನೆಯವನಾಗಿ ಎಮಿನೆಮ್. ಇಂಥ ಪಟ್ಟಿಗಳು ಜಗಳ ಹಚ್ಚುವುದಕ್ಕೆಂದೇ ಹುಟ್ಟುತ್ತವೆ, ಇದೂ ಹಚ್ಚಿತು. ಹಿಪ್ ಹಾಪ್‌ನ ಮೊದಲ ತಲೆಮಾರಿನ ಮೆಲಿ ಮೆಲ್ ಒಂದು ಸಂದರ್ಶನದಲ್ಲಿ, ಎಮಿನೆಮ್‌ನ ಮಾರಾಟವನ್ನೂ ಪ್ರಾಸದ ಶೈಲಿಯನ್ನೂ ತಾನು ಅಲ್ಲಗಳೆಯುವುದಿಲ್ಲವೆಂದೂ, ಆದರೆ ಆತ ಬಿಳಿಯನಾಗಿರದೆ ತಮ್ಮೆಲ್ಲರಂತೆ ಕಪ್ಪು ಹುಡುಗನಾಗಿದ್ದರೆ ಮೊದಲ ಐವರೊಳಗೆ ಬರುತ್ತಿದ್ದನೇ ಎಂದೂ ಕೇಳಿದ. ಎಮಿನೆಮ್ ಹಾಡಿನಲ್ಲೇ ತಿರುಗೇಟು ಕೊಟ್ಟ. ಮೆಲಿ ಮೆಲ್ ಅದಕ್ಕೆ ಪ್ರತಿಯಾಗಿ ಬಿಡುಗಡೆ ಮಾಡಿದ ಹಾಡು ಎಷ್ಟು ಸಪ್ಪೆಯಾಗಿತ್ತೆಂದರೆ ಕೇಳಿದವರೆಲ್ಲ ನಕ್ಕರು, ಕೊನೆಗೆ ಆತ ಕ್ಷಮೆ ಕೇಳಿ ಸುಮ್ಮನಾದ. ಆ ನಗುವಿನಲ್ಲಿ ಪ್ರಶ್ನೆಯೂ ಕೊಚ್ಚಿಹೋಯಿತು. ಕೇಳಿದವನು ಜಗಳದಲ್ಲಿ ಸೋತ ಮಾತ್ರಕ್ಕೆ ಪ್ರಶ್ನೆ ಸೋಲಬೇಕಾಗಿಲ್ಲ ಎಂಬುದು ನನ್ನ ಎಣಿಕೆ.

ಆ ಪ್ರಶ್ನೆಯನ್ನು ಕೇಳುವ ಅಧಿಕಾರ ಮೆಲಿ ಮೆಲ್‌ಗೆ ಇದ್ದೇ ಇದೆ. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಂಡ್ ದ ಫ್ಯೂರಿಯಸ್ ಫೈವ್ ಹೆಸರಿನಲ್ಲಿ ಹೊರಬಂದ ‘ದ ಮೆಸೇಜ್’ ಹಾಡಿನಲ್ಲಿ ಮುಖ್ಯವಾಗಿ ಕೇಳಿಬರುವುದು ಆತನ ಮತ್ತು ಡ್ಯೂಕ್ ಬೂಟಿಯ ದನಿ. ಅಲ್ಲಿಯವರೆಗೆ ರ‍್ಯಾಪ್ ಎಂದರೆ ಬಹುಮಟ್ಟಿಗೆ ಪಾರ್ಟಿಯ ಮಾತು, ಆತ್ಮಪ್ರಶಂಸೆ, ಕುಣಿಯಿರೆಂಬ ಕೂಗು. ಒಡೆದ ಗಾಜು, ಇಲಿ, ಜಿರಲೆ, ಸಾಲ ವಸೂಲಿಗಾರರ ಫೋನು, ಜೈಲಿನಲ್ಲಿ ಮುಗಿದುಹೋಗುವ ಹುಡುಗನ ಬದುಕು, ಇವೆಲ್ಲ ರೇಡಿಯೋದಲ್ಲಿ ಪ್ರಾಸಬದ್ಧವಾಗಿ ಕೇಳುವಂತಾದದ್ದು ಆ ಹಾಡಿನಿಂದ. ರ‍್ಯಾಪ್ ಸಮಾಜದ ಬಗ್ಗೆ ಮಾತಾಡುತ್ತದೆ ಎಂದು ಇಂದು ನಾವು ಸಹಜವಾಗಿ ಭಾವಿಸುವುದರ ಹಿಂದೆ ಆತನ ಕೊಡುಗೆ ಇದೆ.

ಬಣ್ಣದ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲು ಹಿಪ್ ಹಾಪ್ ಹುಟ್ಟಿದೂರಿಗೆ ಹೋಗಬೇಕಾಗುತ್ತದೆ. ನ್ಯೂಯಾರ್ಕ್‌ನ ಬ್ರಾಂಕ್ಸ್ ಪ್ರದೇಶದ ನಡುವೆ ರಾಬರ್ಟ್ ಮೋಸೆಸ್ ಎಂಬ ಯೋಜನಾಧಿಕಾರಿ ಹಾಯಿಸಿದ ಕ್ರಾಸ್ ಬ್ರಾಂಕ್ಸ್ ಹೆದ್ದಾರಿ ಸಾವಿರಾರು ಕುಟುಂಬಗಳನ್ನು ಎಬ್ಬಿಸಿತ್ತು. ಅನುಕೂಲವಿದ್ದ ಬಿಳಿಯರು ಉಪನಗರಗಳಿಗೆ ಹೋದರು. ಉಳಿದವರು ಕಪ್ಪು ಜನ, ಪೋರ್ಟೊರಿಕೋದಿಂದ ಬಂದವರು, ಕೆರಿಬಿಯನ್ ದ್ವೀಪಗಳಿಂದ ವಲಸೆ ಬಂದವರು. ಬಾಡಿಗೆ ಹುಟ್ಟದ ಕಟ್ಟಡಗಳಿಗೆ ಬೆಂಕಿ ಬೀಳುತ್ತಿತ್ತು, 1975ರ ಹೊತ್ತಿಗೆ ನಗರಾಡಳಿತವೇ ದಿವಾಳಿಯ ಅಂಚಿಗೆ ಬಂದಿತ್ತು. ಇಂಥ ಊರಿನ ಸೆಜ್ವಿಕ್ ಅವೆನ್ಯೂವಿನ 1520ನೆಯ ಸಂಖ್ಯೆಯ ಕಟ್ಟಡದ ಸಮುದಾಯ ಕೋಣೆಯಲ್ಲಿ 1973ರ ಆಗಸ್ಟ್ 11ರಂದು, ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ಹಣ ಕೂಡಿಸಬೇಕೆಂದು ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಪಾರ್ಟಿಯೊಂದನ್ನು ಏರ್ಪಡಿಸಿದಳು. ರೆಕಾರ್ಡ್ ಹಾಕಿದವನು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಅವಳ ಅಣ್ಣ ಕ್ಲೈವ್, ಅಂದರೆ ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ಗಾಯನ ನಿಂತು ಡ್ರಮ್ ಮಾತ್ರ ನುಡಿಯುವ ಕೆಲವೇ ಸೆಕೆಂಡುಗಳ ತುಣುಕಿಗೆ ಜನ ಹೆಚ್ಚು ಹುರುಪಿನಿಂದ ಕುಣಿಯುವುದನ್ನು ಗಮನಿಸಿದ್ದ ಆತ, ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ನುಡಿಸುವ ಉಪಾಯವನ್ನು ರೂಢಿಸಿಕೊಂಡ. ಇಂದಿನ ರ‍್ಯಾಪ್‌ನ ತಳಪಾಯ ಅದು. ಮುಂದೆ ಆ ತುಣುಕಿಗೆ ಮೈಯನ್ನು ನೆಲಕ್ಕೆ ತಾಗಿಸಿ ಕುಣಿಯುವ ಬ್ರೇಕ್ ಡ್ಯಾನ್ಸ್ ಬೆಳೆಯಲು ಪೋರ್ಟೊರಿಕೋ ಮೂಲದ ಹುಡುಗರ ಪಾಲು ದೊಡ್ಡದು. ಹಾಗಾಗಿ ಹಿಪ್ ಹಾಪ್ ಒಂದೇ ರಕ್ತದ ಸೊತ್ತೆಂದು ಯಾರಾದರೂ ಹೇಳಿದರೆ ಅದು ಇತಿಹಾಸವಾಗಲಾರದು. ಆದರೆ ಅದು ಹುಟ್ಟಿದ್ದು ಬಿಳಿಯ ಅಮೆರಿಕ ಕೈಬಿಟ್ಟ ಜಾಗದಲ್ಲಿ, ಮತ್ತು ಅದರ ನುಡಿ, ಲಯ, ಹಾಸ್ಯ, ಪಂಥದ ಹುರುಪು ಆಫ್ರಿಕನ್ ಅಮೆರಿಕನ್ನರ ಬದುಕಿನಿಂದ ಬಂದದ್ದು ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಚರ್ಚೆಯಲ್ಲಿ ಅದು ಬರುವುದು ಅಪರೂಪ. ರ‍್ಯಾಪ್‌ನ ಮೊದಲ ದೊಡ್ಡ ಗೆಲುವಿನಲ್ಲೇ ಒಂದು ಕಳವು ಇದೆ, ಮತ್ತು ಅದನ್ನು ಮಾಡಿದವರು ಬಿಳಿಯರಲ್ಲ. 1979ರಲ್ಲಿ ಸಿಲ್ವಿಯಾ ರಾಬಿನ್ಸನ್ ತಯಾರಿಸಿದ ‘ರ‍್ಯಾಪರ್ಸ್ ಡಿಲೈಟ್’ ಹಾಡಿನಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಎಂಬಾತ ಹೇಳುವ ಪದ್ಯಗಳು ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಬರೆದವು. ಹ್ಯಾಂಕ್ ಅವನ್ನು ಎಷ್ಟು ಇದ್ದಂತೆಯೇ ಒಪ್ಪಿಸಿದನೆಂದರೆ ಕ್ಯಾಝ್ ತನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳಿಕೊಳ್ಳುವ ಸಾಲನ್ನೂ ಬಿಡಲಿಲ್ಲ. ರೆಕಾರ್ಡಿನ ಮೇಲೆ ಕ್ಯಾಝ್‌ನ ಹೆಸರಿರಲಿಲ್ಲ. ಉದ್ಯಮ ಕಸುಬುದಾರನನ್ನು ನುಂಗುವುದಕ್ಕೆ ಬಣ್ಣವೇ ಬೇಕೆಂದಿಲ್ಲ, ಬಣ್ಣ ಸೇರಿದಾಗ ಅದು ಇನ್ನಷ್ಟು ಸಲೀಸಾಗುತ್ತದೆ.

ಸಲೀಸಾಗುವುದಕ್ಕೆ ಅಮೆರಿಕದಲ್ಲಿ ವ್ಯವಸ್ಥೆಯೇ ಸಿದ್ಧವಿತ್ತು. ಕಪ್ಪು ಕಲಾವಿದರ ಹಾಡುಗಳನ್ನು ಬಿಲ್‌ಬೋರ್ಡ್ 1949ರವರೆಗೆ ‘ರೇಸ್ ರೆಕಾರ್ಡ್ಸ್’ ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಇಡುತ್ತಿತ್ತು. ಆಮೇಲೆ ಅದಕ್ಕೆ ರಿದಮ್ ಅಂಡ್ ಬ್ಲೂಸ್ ಎಂಬ ಹೆಸರು ಬಂತು, 1982ರಲ್ಲಿ ಮತ್ತೆ ‘ಬ್ಲ್ಯಾಕ್’ ಎಂಬ ಹೆಸರಿಗೆ ಹೋಗಿ 1990ರಲ್ಲಿ ಹಿಂದಕ್ಕೆ ಬಂತು. ಬಿಗ್ ಮಾಮಾ ಥಾರ್ನ್‌ಟನ್ ಹಾಡಿದ ‘ಹೌಂಡ್ ಡಾಗ್’ 1953ರಲ್ಲಿ ಈ ಪಕ್ಕದ ಪಟ್ಟಿಯ ತುದಿಗೇರಿತು, ಅದನ್ನೇ 1956ರಲ್ಲಿ ಬಿಳಿಯ ಗಾಯಕ ಎಲ್ವಿಸ್ ಪ್ರೆಸ್ಲಿ ಹಾಡಿದಾಗ ಇಡೀ ದೇಶದ ಹಾಡಾಯಿತು. 1981ರಲ್ಲಿ ಶುರುವಾದ ಎಂಟಿವಿ ಮೊದಲ ಒಂದೆರಡು ವರ್ಷ ಕಪ್ಪು ಕಲಾವಿದರ ವಿಡಿಯೋಗಳನ್ನು ಅತಿ ಕಡಿಮೆ ತೋರಿಸುತ್ತಿತ್ತು, 1983ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವಿ ಆ ವಾಹಿನಿಯ ಸಂದರ್ಶನದಲ್ಲಿ ಕುಳಿತೇ ಇದನ್ನು ಪ್ರಶ್ನಿಸಿದ್ದ. ಹಿಪ್ ಹಾಪ್‌ನ ಕಪ್ಪು ಕೇಳುಗರ ಮನಸ್ಸಿನಲ್ಲಿ ಈ ಹಳೆಯ ಲೆಕ್ಕ ಸದಾ ಎಚ್ಚರವಾಗಿರುತ್ತದೆ. ಎಲ್ವಿಸ್‌ನನ್ನು ಪಬ್ಲಿಕ್ ಎನಿಮಿ ತಂಡದ ಚಕ್ ಡಿ 1989ರಲ್ಲಿ ಹೆಸರಿಟ್ಟು ತಿರಸ್ಕರಿಸಿದ್ದು ಒಬ್ಬ ಗಾಯಕನ ಮೇಲಿನ ಸಿಟ್ಟಿನಿಂದಷ್ಟೇ ಅಲ್ಲ.

ಲೆಕ್ಕದ ವಿಷಯಕ್ಕೇ ಬಂದರೆ, ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. 1991ರವರೆಗೆ ಬಿಲ್‌ಬೋರ್ಡ್‌ನ ಆಲ್ಬಮ್ ಪಟ್ಟಿ ಸಿದ್ಧವಾಗುತ್ತಿದ್ದುದು ಅಂಗಡಿಯವರು ಕೊಟ್ಟ ವರದಿಗಳ ಮೇಲೆ, ಅಂದರೆ ಯಾವುದು ಹೆಚ್ಚು ಮಾರಿತು ಎಂದು ಅವರು ಹೇಳಿದ್ದರ ಮೇಲೆ. ಆ ವರ್ಷದ ಮೇ ತಿಂಗಳಿಂದ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಬಂದು, ಗಲ್ಲಾದಲ್ಲಿ ಬಾರ್‌ಕೋಡ್ ಓದಿಸಿದ ನಿಜವಾದ ಮಾರಾಟದ ಎಣಿಕೆ ಶುರುವಾಯಿತು. ಜೂನ್ ಮುಗಿಯುವುದರೊಳಗೆ ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್‌ನಿಂದ ಬಂದ ಎನ್.ಡಬ್ಲ್ಯು.ಎ. ತಂಡದ ಎರಡನೆಯ ಆಲ್ಬಮ್ ದೇಶದ ಮೊದಲ ಸ್ಥಾನದಲ್ಲಿತ್ತು. ಆ ಸಂಗೀತಕ್ಕೆ ಅಷ್ಟು ಕೇಳುಗರಿದ್ದಾರೆಂಬುದು, ಮತ್ತು ಅವರಲ್ಲಿ ಉಪನಗರದ ಬಿಳಿಯ ಹುಡುಗರೂ ಧಾರಾಳವಾಗಿದ್ದಾರೆಂಬುದು ಎಣಿಸುವ ವಿಧಾನ ಬದಲಾದ ಮೇಲೆ ಉದ್ಯಮದ ಕಣ್ಣಿಗೆ ಬಿತ್ತು. ಯಾರು ಎಷ್ಟು ಮಾರಿದರು ಎಂಬ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಿದ ಸತ್ಯವೆಂಬಂತೆ ಮುಂದೆ ಹಿಡಿಯುವವರಿಗೆ ನಾನು ಈ ಕಥೆಯನ್ನು ನೆನಪಿಸುವುದುಂಟು.

ಹಳೆಯ ಎಣಿಕೆಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ರ‍್ಯಾಪ್ ಆಲ್ಬಮ್ ಯಾರದು? 1987ರಲ್ಲಿ, ಬೀಸ್ಟಿ ಬಾಯ್ಸ್ ಎಂಬ ಮೂವರು ಬಿಳಿಯ ಹುಡುಗರದು. ಅವರಿಗಿಂತ ಮುಂಚೆ ದಾರಿ ಮಾಡಿ, ಅವರನ್ನು ತಮ್ಮ ಜೊತೆ ಪ್ರವಾಸಕ್ಕೂ ಕರೆದೊಯ್ದ ರನ್-ಡಿಎಂಸಿಯ 1986ರ ಆಲ್ಬಮ್ ಮೂರನೆಯ ಸ್ಥಾನದಲ್ಲಿ ನಿಂತಿತ್ತು. ಬಿಡಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಮೊದಲ ಹಿಪ್ ಹಾಪ್ ಹಾಡು 1990ರಲ್ಲಿ ವೆನಿಲ್ಲಾ ಐಸ್‌ನದು, ಆತನೂ ಬಿಳಿಯ. ಹಿಪ್ ಹಾಪ್‌ಗೆ ಹದಿನೇಳು ವರ್ಷ ತುಂಬಿದ್ದ ಹೊತ್ತದು. ಆದರೂ ಈ ಎರಡು ಗೆಲುವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಬೀಸ್ಟಿ ಬಾಯ್ಸ್ ಪಂಕ್ ರಾಕ್ ಸಂಗೀತದ ಹಿನ್ನೆಲೆಯಿಂದ ಬಂದು ತಮ್ಮ ಹಿನ್ನೆಲೆಯನ್ನು ಮರೆಮಾಚದೆ, 1989ರಲ್ಲಿ ‘ಪಾಲ್ಸ್ ಬೂಟಿಕ್’ ಎಂಬ ಆಲ್ಬಮ್‌ನಲ್ಲಿ ನೂರಕ್ಕೂ ಹೆಚ್ಚು ಹಳೆಯ ಹಾಡುಗಳ ತುಣುಕುಗಳನ್ನು ಹೆಣೆದು ಕಲೆಗೇ ಏನನ್ನೋ ಸೇರಿಸಿದರು. ವೆನಿಲ್ಲಾ ಐಸ್‌ನ ವಿಷಯದಲ್ಲಿ ಪ್ರಚಾರಕ್ಕೆಂದು ಹರಡಿದ್ದ ಒರಟು ಬಾಲ್ಯದ ಕಥೆ ಪತ್ರಕರ್ತರ ಕೈಯಲ್ಲಿ ಬಿಚ್ಚಿಕೊಂಡಿತು, ಮಿಕ್ಕದ್ದೂ ಅದರೊಂದಿಗೇ ಕುಸಿಯಿತು. ಆತನನ್ನು ಮರುವರ್ಷ ಹಾಡಿನಲ್ಲಿ ಗೇಲಿ ಮಾಡಿದ ಥರ್ಡ್ ಬೇಸ್ ತಂಡದ ಇಬ್ಬರು ರ‍್ಯಾಪರ್‌ಗಳೂ ಬಿಳಿಯರೇ ಎಂಬುದು ಗಮನಿಸಬೇಕಾದ ಮಾತು.

ಹಾಗಾದರೆ ದಿಗ್ಗಜನೆಂದು ಯಾರನ್ನು ಕರೆಯಬೇಕು? ನನ್ನ ಉತ್ತರ ಮಾರಾಟವನ್ನೂ ಪ್ರಶಸ್ತಿಯನ್ನೂ ನೆಚ್ಚುವುದಿಲ್ಲ. ಒಬ್ಬನ ನಂತರ ಬಂದವರ ನಾಲಗೆಯಲ್ಲಿ ಅವನ ಪದ್ಧತಿ ಉಳಿದಿದೆಯೇ, ಅವನ ಹಾಡನ್ನು ಎಂದೂ ಕೇಳದ ಹುಡುಗನೂ ಅವನಿಗೆ ಋಣಿಯಾಗಿದ್ದಾನೆಯೇ ಎಂಬುದು ನಾನು ಹಿಡಿಯುವ ಅಳತೆ. ಈ ಅಳತೆಗೆ ರಾಕಿಮ್‌ನಷ್ಟು ಒಳ್ಳೆಯ ಉದಾಹರಣೆ ಇಲ್ಲ. ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡಿನ ವಯಾನ್‌ಡ್ಯಾಂಚ್ ಎಂಬ ಊರಿನವನಾದ ಆತ ಚಿಕ್ಕಂದಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ, ಜಾಝ್ ವಾದಕ ಜಾನ್ ಕೋಲ್ಟ್ರೇನ್‌ನನ್ನು ಆರಾಧಿಸುತ್ತಿದ್ದ. 1987ರಲ್ಲಿ ಡಿಜೆ ಎರಿಕ್ ಬಿ ಜೊತೆ ‘ಪೇಯ್ಡ್ ಇನ್ ಫುಲ್’ ಆಲ್ಬಮ್ ಹೊರತಂದಾಗ ರ‍್ಯಾಪ್‌ನ ಪ್ರಾಸ ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ ಬಂದು ಬೀಳುತ್ತಿತ್ತು, ದನಿ ಕೂಗುತ್ತಿತ್ತು. ರಾಕಿಮ್ ಕೂಗಲಿಲ್ಲ. ಪ್ರಾಸವನ್ನು ಸಾಲಿನ ಒಳಗೆ ಹಲವು ಕಡೆ ಹೂಡಿದ, ವಾಕ್ಯವನ್ನು ಒಂದು ಸಾಲಿನಲ್ಲಿ ಮುಗಿಸದೆ ಮುಂದಿನದಕ್ಕೆ ಚಾಚಿದ, ತಾಳ ಒಂದು ಕಡೆ ಬೀಳುತ್ತಿದ್ದರೆ ಒತ್ತನ್ನು ಇನ್ನೊಂದು ಕಡೆ ಇಟ್ಟ. ಹಳಗನ್ನಡ, ನಡುಗನ್ನಡ ಪದ್ಯಗಳ ಆದಿಪ್ರಾಸ ಬಲ್ಲವರಿಗೆ ಇದರ ಸೊಗಸು ಬೇಗ ತಿಳಿಯುತ್ತದೆ. ನಮ್ಮ ಆದಿಪ್ರಾಸದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಅದರ ಮೇಲಿನ ಸ್ವರ ಬದಲಾಗಬಹುದು. ರಾಕಿಮ್ ನಂತರದ ರ‍್ಯಾಪ್‌ನಲ್ಲಿ ಹೆಚ್ಚಾಗಿ ಇದರ ತಿರುವುಮುರುವು: ಸ್ವರಗಳ ಸಾಲು ಒಂದೇ ಆಗಿದ್ದು ವ್ಯಂಜನಗಳು ಬದಲಾಗುತ್ತ ಹೋಗುತ್ತವೆ. ನಾಸ್, ಜೇ-ಝೀ, ಎಮಿನೆಮ್, ಕೆಂಡ್ರಿಕ್ ಎಲ್ಲರೂ ಈ ಗದ್ದೆಯಲ್ಲೇ ಉತ್ತವರು.

ಈಗ 2012ಕ್ಕೆ ಬನ್ನಿ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಸಂಸ್ಥೆಯ ಆ ವರ್ಷದ ಗೌರವಕ್ಕೆ ನಾಮನಿರ್ದೇಶನಗೊಂಡವರಲ್ಲಿ ಎರಿಕ್ ಬಿ ಮತ್ತು ರಾಕಿಮ್ ಜೋಡಿ ಇತ್ತು, ಬೀಸ್ಟಿ ಬಾಯ್ಸ್ ಕೂಡ ಇದ್ದರು. ಆಯ್ಕೆಯಾದದ್ದು ಬೀಸ್ಟಿ ಬಾಯ್ಸ್. ಅವರು ಅರ್ಹರಲ್ಲವೆಂದು ನಾನು ಹೇಳುತ್ತಿಲ್ಲ. ಅವರ ಆಡಮ್ ಯಾಕ್ ಆ ಸಮಾರಂಭಕ್ಕೆ ಬರಲಾಗದಷ್ಟು ಕಾಯಿಲೆ ಬಿದ್ದಿದ್ದ, ಕೆಲವೇ ವಾರಗಳಲ್ಲಿ ತೀರಿಕೊಂಡ, ಆ ಗೌರವ ಆತನಿಗೆ ಸಿಕ್ಕದ್ದು ನನಗೆ ಸಮಾಧಾನದ ಸಂಗತಿಯೇ. ಆದರೆ ಮತ ಹಾಕಿದವರಿಗೆ ಯಾರ ಹೆಸರು ಪರಿಚಿತವಾಗಿತ್ತು, ಯಾರ ರೆಕಾರ್ಡು ಅವರ ಮನೆಯಲ್ಲಿತ್ತು ಎಂಬುದು ಆ ಫಲಿತಾಂಶದಲ್ಲಿ ಕಾಣುತ್ತದೆ. ಪ್ರಭಾವ ಒಂದು ಕಡೆ, ಪರಿಚಯ ಇನ್ನೊಂದು ಕಡೆ. ಬಣ್ಣ ಕೆಲಸ ಮಾಡುವುದು ಹೆಚ್ಚಾಗಿ ಈ ಪರಿಚಯದ ಕಡೆ.

ಎಮಿನೆಮ್‌ನ ವಿಷಯ ಕಷ್ಟವಾಗುವುದು ಇಲ್ಲಿಯೇ, ಏಕೆಂದರೆ ಆತನಲ್ಲಿ ಎರಡೂ ಇವೆ. 1972ರಲ್ಲಿ ಮಿಸೌರಿಯಲ್ಲಿ ಹುಟ್ಟಿದ ಮಾರ್ಷಲ್ ಮ್ಯಾದರ್ಸ್ ಬೆಳೆದದ್ದು ಹೆಚ್ಚಾಗಿ ಡೆಟ್ರಾಯಿಟ್ ಮತ್ತು ಅದರ ಅಂಚಿನ ವಾರೆನ್‌ನಲ್ಲಿ. ಕಪ್ಪು ಜನರೇ ಬಹುಸಂಖ್ಯಾತರಾದ ನಗರವನ್ನೂ ಬಿಳಿಯರೇ ಹೆಚ್ಚಿದ್ದ ಉಪನಗರಗಳನ್ನೂ ಬೇರ್ಪಡಿಸುವ ಎಯ್ಟ್ ಮೈಲ್ ರಸ್ತೆಯ ಎರಡೂ ಬದಿಯನ್ನು ಆತ ಬಲ್ಲ. ವೆಸ್ಟ್ ಸೆವೆನ್ ಮೈಲ್‌ನಲ್ಲಿ ವಸ್ತ್ರವಿನ್ಯಾಸಕ ಮೋರಿಸ್ ಮಲೋನ್ ನಡೆಸುತ್ತಿದ್ದ ಹಿಪ್-ಹಾಪ್ ಶಾಪ್ ಎಂಬ ಬಟ್ಟೆಯಂಗಡಿಯಲ್ಲಿ ಶನಿವಾರ ರ‍್ಯಾಪ್ ಪಂಥಗಳು ನಡೆಯುತ್ತಿದ್ದವು, ನಡೆಸಿಕೊಡುತ್ತಿದ್ದವನು ಪ್ರೂಫ್. ಎದುರಾಳಿ ಮೊದಲು ಹಿಡಿಯುತ್ತಿದ್ದುದು ಚರ್ಮದ ಬಣ್ಣವನ್ನೇ, ಅದಕ್ಕೆ ಉತ್ತರ ಸ್ಥಳದಲ್ಲೇ, ಪ್ರಾಸದಲ್ಲೇ ಕೊಡಬೇಕಿತ್ತು. 2006ರಲ್ಲಿ ಗುಂಡೇಟಿಗೆ ಬಲಿಯಾದ ಪ್ರೂಫ್ ಆ ದಿನಗಳಲ್ಲಿ ಈ ಹುಡುಗನ ಹೆಗಲಿಗೆ ಹೆಗಲಾಗಿ ನಿಲ್ಲದಿದ್ದರೆ ಮುಂದಿನದು ಹೇಗಾಗುತ್ತಿತ್ತೋ. 1996ರ ಮೊದಲ ಆಲ್ಬಮ್ ಹೆಚ್ಚು ಮಾರಲಿಲ್ಲ, ನಾಸ್‌ನ ಅನುಕರಣೆ ಎಂಬ ಮಾತೂ ಬಂತು. 1997ರಲ್ಲಿ ಲಾಸ್ ಏಂಜಲೀಸ್‌ನ ರ‍್ಯಾಪ್ ಒಲಿಂಪಿಕ್ಸ್ ಎಂಬ ಸ್ಪರ್ಧೆಯಲ್ಲಿ ಎರಡನೆಯವನಾದ. ಆಮೇಲೆ ಆತನ ಟೇಪು ಇಂಟರ್‌ಸ್ಕೋಪ್ ಕಂಪನಿಯ ಜಿಮ್ಮಿ ಐವೀನ್ ಮೂಲಕ ಡಾ. ಡ್ರೇ ಕಿವಿಗೆ ಬಿತ್ತು. ಎನ್.ಡಬ್ಲ್ಯು.ಎ.ಯ ಡ್ರೇ ಒಬ್ಬ ಬಿಳಿಯನನ್ನು ಕೈಹಿಡಿಯುವುದಕ್ಕೆ ಸುತ್ತಲಿನವರಿಂದಲೇ ವಿರೋಧವಿತ್ತು, ಡ್ರೇ ಕೇಳಲಿಲ್ಲ.

ಆತನ ಕಸುಬಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಇಂಗ್ಲಿಷಿನಲ್ಲಿ ‘ಆರೆಂಜ್’ ಎಂಬ ಪದಕ್ಕೆ ಪ್ರಾಸವೇ ಇಲ್ಲವೆಂಬ ಮಾತಿದೆ. 2010ರ ಒಂದು ಟಿವಿ ಸಂದರ್ಶನದಲ್ಲಿ ಎಮಿನೆಮ್ ಅದನ್ನು ಬಿಡಿಸಿ, ಉಚ್ಚಾರಣೆಯನ್ನು ತುಸು ಬಾಗಿಸಿ, ‘ಡೋರ್ ಹಿಂಜ್’, ‘ಸ್ಟೋರೇಜ್’ ಮೊದಲಾದವುಗಳ ಜೊತೆ ಹೊಂದಿಸಿ ತೋರಿಸಿದ. ರಾಕಿಮ್ ಹೂಡಿದ ಸ್ವರದ ಸಾಲನ್ನು ಆತ ನಾಲ್ಕು, ಐದು, ಆರು ಅಕ್ಷರಗಳವರೆಗೆ ಎಳೆದು, ಹಲವು ಸಾಲುಗಳುದ್ದಕ್ಕೂ ಹಿಡಿದಿಟ್ಟು, ನಡುವೆ ಕಥೆಯನ್ನೂ ಹೇಳಬಲ್ಲ. ಸಾಕ್ಷಿ ಬೇಕೆಂದರೆ ಸಮಕಾಲೀನರ ಮಾತಿದೆ. 2001ರಲ್ಲಿ ಜೇ-ಝೀಯ ಆಲ್ಬಮ್‌ನಲ್ಲಿ ಎಮಿನೆಮ್ ಅತಿಥಿಯಾಗಿ ಒಂದು ಹಾಡಿಗೆ ಬಂದಿದ್ದ. ಅದೇ ವರ್ಷ ಜೇ-ಝೀ ಮೇಲೆ ಹರಿಹಾಯ್ದ ನಾಸ್, ನಿನ್ನದೇ ಹಾಡಿನಲ್ಲಿ ಎಮಿನೆಮ್ ನಿನ್ನನ್ನು ಮುಗಿಸಿಬಿಟ್ಟ ಎಂದು ಚುಚ್ಚಿದ. ಪದಗಳನ್ನು ಸ್ಪಷ್ಟವಾಗಿ ಜೋಡಿಸುವುದನ್ನು ಎಮಿನೆಮ್‌ನ ಹಾಡುಗಳನ್ನು ಅಭ್ಯಾಸ ಮಾಡಿ ಕಲಿತೆನೆಂದು ಕೆಂಡ್ರಿಕ್ ಲಮಾರ್ ಹೇಳಿಕೊಂಡಿದ್ದಾನೆ. ಇವರು ಯಾರೂ ಬಿಳಿಯನಿಗೆ ದಾಕ್ಷಿಣ್ಯ ತೋರಬೇಕಾದ ಜರೂರಿನಲ್ಲಿದ್ದವರಲ್ಲ.

ಗಾತ್ರದ ಮಾತು ಬೇರೆ. 2000ದ ಮೇ ತಿಂಗಳಲ್ಲಿ ಬಂದ ‘ದ ಮಾರ್ಷಲ್ ಮ್ಯಾದರ್ಸ್ ಎಲ್‌ಪಿ’ ಮೊದಲ ವಾರದಲ್ಲೇ ಅಮೆರಿಕದಲ್ಲಿ ಹದಿನೇಳು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಿತು. ಆ ದಶಕದಲ್ಲಿ ಆ ದೇಶದಲ್ಲಿ ಅತಿ ಹೆಚ್ಚು ಆಲ್ಬಮ್ ಮಾರಿದ ಕಲಾವಿದ ಆತನೇ, ಸುಮಾರು 3.2 ಕೋಟಿ. 2003ರಲ್ಲಿ ರ‍್ಯಾಪ್ ಹಾಡೊಂದಕ್ಕೆ ಮೊತ್ತಮೊದಲ ಆಸ್ಕರ್ ಬಂದದ್ದೂ ಆತನ ಹಾಡಿಗೆ. ಈ ಗಾತ್ರಕ್ಕೆ ಕಾರಣವನ್ನು ವಿಮರ್ಶಕರಿಗಿಂತ ಚೆನ್ನಾಗಿ ಆತನೇ ಹೇಳಿದ್ದಾನೆ. 2002ರ ಹಾಡೊಂದರಲ್ಲಿ, ತಾನು ಕಪ್ಪಗಿದ್ದಿದ್ದರೆ ಅರ್ಧದಷ್ಟೇ ಮಾರುತ್ತಿದ್ದೆನೆಂದೂ ಅದನ್ನು ತಿಳಿಯಲು ಹೈಸ್ಕೂಲು ಮುಗಿಸಬೇಕಾಗಿಲ್ಲವೆಂದೂ ಲೆಕ್ಕ ಒಪ್ಪಿಸುತ್ತಾನೆ. ಅದೇ ವರ್ಷದ ಇನ್ನೊಂದರಲ್ಲಿ, ಕಪ್ಪು ಜನರ ಸಂಗೀತವನ್ನು ಸ್ವಾರ್ಥಕ್ಕೆ ಬಳಸಿ ಶ್ರೀಮಂತನಾದ ಎಲ್ವಿಸ್‌ನ ಸಾಲಿಗೆ ತನ್ನನ್ನು ತಾನೇ ಸೇರಿಸಿಕೊಳ್ಳುತ್ತಾನೆ. ಅಲ್ಲಿ ಕುಚೋದ್ಯವಿದೆ, ಎದುರಾಳಿಯ ಬತ್ತಳಿಕೆ ಬರಿದು ಮಾಡುವ ಪಂಥದ ಜಾಣತನವೂ ಇದೆ, ಆದರೂ ಹೇಳಿದ್ದು ನಿಜ. ಮೆಲಿ ಮೆಲ್ 2023ರಲ್ಲಿ ಕೇಳಿದ ಪ್ರಶ್ನೆಗೆ ಎಮಿನೆಮ್ ಇಪ್ಪತ್ತೊಂದು ವರ್ಷ ಮುಂಚೆಯೇ ಅರ್ಧ ಉತ್ತರ ಕೊಟ್ಟಿದ್ದ.

ಈ ಒಪ್ಪಿಗೆ ಆತನ ಎಲ್ಲ ತಪ್ಪುಗಳನ್ನೂ ತೊಳೆಯುವುದಿಲ್ಲ. 2003ರಲ್ಲಿ ದ ಸೋರ್ಸ್ ಪತ್ರಿಕೆ ಹೊರಗೆಡವಿದ ಹಳೆಯ ಟೇಪಿನಲ್ಲಿ ಹದಿಹರೆಯದ ಎಮಿನೆಮ್ ಕಪ್ಪು ಹೆಣ್ಣುಮಕ್ಕಳ ಬಗ್ಗೆ ಹೀನಾಯವಾಗಿ ಮಾತಾಡಿದ್ದಾನೆ. ಕಪ್ಪು ಗೆಳತಿಯೊಬ್ಬಳಿಂದ ದೂರವಾದ ಸಿಟ್ಟಿನಲ್ಲಿ ಆಡಿದ್ದೆಂದು ಆತ ಕ್ಷಮೆ ಕೇಳಿದ. ಪತ್ರಿಕೆಯ ಒಡೆತನದಲ್ಲಿ ಪಾಲಿದ್ದ ಬೆಂಜಿನೋಗೂ ಆತನಿಗೂ ಆಗ ವೈರವಿತ್ತು, ಹಾಗಾಗಿ ಪತ್ರಿಕೆಯ ಉದ್ದೇಶ ಶುದ್ಧವಾಗಿತ್ತೆಂದು ನಂಬುವುದು ಕಷ್ಟ. ಆದರೆ ಉದ್ದೇಶ ಅಶುದ್ಧವಾಗಿದ್ದರಿಂದ ಟೇಪು ಸುಳ್ಳಾಗುವುದಿಲ್ಲ. ಕಪ್ಪು ಕೇಳುಗರಲ್ಲಿ ಹಲವರು ಕ್ಷಮಿಸಿದರು, ಕೆಲವರು ಕ್ಷಮಿಸಲಿಲ್ಲ, ಇಬ್ಬರ ತೀರ್ಮಾನವೂ ಅವರದೇ. ಹೊರಗಿನವನಾದ ನಾನು ಆ ಖಾತೆಯನ್ನು ಮುಚ್ಚುವಂತಿಲ್ಲ.

ನನ್ನ ಅಳತೆಗೆ ಮರಳಿ ಬಂದರೆ, ಎಮಿನೆಮ್‌ನ ಪ್ರಭಾವ ಎಲ್ಲಿ ಕೇಳಿಸುತ್ತದೆ? ಪ್ರಾಸದ ಕುಶಲತೆಯನ್ನೇ ಮುಖ್ಯವಾಗಿ ಇಟ್ಟುಕೊಂಡ ರ‍್ಯಾಪರ್‌ಗಳಲ್ಲಿ, ತಾಯಿಯೊಂದಿಗಿನ ಜಗಳದಿಂದ ಹಿಡಿದು ಮಾತ್ರೆಗಳ ಚಟದವರೆಗೆ ಖಾಸಗಿ ಬದುಕನ್ನು ನಾಚಿಕೆಯಿಲ್ಲದೆ ಹಾಡಿಗೆ ತರುವವರಲ್ಲಿ, ಮತ್ತು ಅಮೆರಿಕದ ಆಚೆಗೆ ಬಹಳಷ್ಟು ಕಡೆ. ಆದರೆ ಕಳೆದ ಎರಡು ದಶಕಗಳಿಂದ ಹಿಪ್ ಹಾಪ್‌ನ ಮುಖ್ಯ ಹರಿವು ಅಟ್ಲಾಂಟಾ ಮತ್ತು ಅಮೆರಿಕದ ದಕ್ಷಿಣದಿಂದ ಬಂದದ್ದು. ಟಿ.ಐ., ಗುಚ್ಚಿ ಮೇನ್, ಲಿಲ್ ವೇಯ್ನ್, ಫ್ಯೂಚರ್ ರೂಪಿಸಿದ ದನಿ, ಎಳೆತ, ರಾಗ ಮತ್ತು ಮಾತುಗಳ ನಡುವಿನ ಆ ಗೊಣಗು ಇಂದಿನ ಹುಡುಗರ ಗಂಟಲಲ್ಲಿದೆ. ಅಲ್ಲಿ ಎಮಿನೆಮ್ ಹೆಚ್ಚು ಕೇಳಿಸುವುದಿಲ್ಲ. ಆತ ಇಲ್ಲದಿದ್ದರೆ ಹಿಪ್ ಹಾಪ್‌ನ ಪ್ರೇಕ್ಷಕವರ್ಗ ಸಣ್ಣದಾಗುತ್ತಿತ್ತು, ರಾಕಿಮ್ ಇಲ್ಲದಿದ್ದರೆ ಹಿಪ್ ಹಾಪ್‌ನ ಭಾಷೆಯೇ ಬೇರೆಯಾಗುತ್ತಿತ್ತು.

ಪ್ರಶಸ್ತಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2014ರಲ್ಲಿ ಶ್ರೇಷ್ಠ ರ‍್ಯಾಪ್ ಆಲ್ಬಮ್‌ನ ಗ್ರ್ಯಾಮಿ ಕೆಂಡ್ರಿಕ್‌ಗೆ ಹೋಗದೆ ಬಿಳಿಯ ಜೋಡಿ ಮ್ಯಾಕ್ಲ್‌ಮೋರ್ ಮತ್ತು ರಯಾನ್ ಲೂಯಿಸ್‌ಗೆ ಹೋಯಿತು. ಗೆದ್ದ ಮ್ಯಾಕ್ಲ್‌ಮೋರ್ ಅದೇ ರಾತ್ರಿ ಕೆಂಡ್ರಿಕ್‌ಗೆ ಇದು ನಿನಗೆ ಸಲ್ಲಬೇಕಿತ್ತೆಂದು ಸಂದೇಶ ಕಳುಹಿಸಿ, ಆ ಸಂದೇಶವನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಊರಿಗೆಲ್ಲ ತೋರಿಸಿದ. ತಪ್ಪೊಪ್ಪಿಗೆಗಿಂತ ಅದರ ಪ್ರದರ್ಶನವೇ ಹೆಚ್ಚಾಯಿತೆಂದು ನನಗನ್ನಿಸಿತ್ತು. ಕೆಂಡ್ರಿಕ್‌ಗೆ 2018ರಲ್ಲಿ ಪುಲಿಟ್ಜರ್ ಬಂತು, ಶಾಸ್ತ್ರೀಯ ಮತ್ತು ಜಾಝ್ ಸಂಗೀತದ ಆಚೆಗೆ ಅದು ಹೋದದ್ದು ಅದೇ ಮೊದಲು.

ಬಣ್ಣವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಎಂಬುದನ್ನು 2024ರಲ್ಲಿ ಕೆಂಡ್ರಿಕ್ ಮತ್ತು ಕೆನಡಾದ ರ‍್ಯಾಪರ್ ಡ್ರೇಕ್ ನಡುವೆ ಹಾಡುಗಳಲ್ಲಿ ನಡೆದ ಕಾಳಗ ತೋರಿಸಿತು. ಡ್ರೇಕ್ ಬಿಳಿಯನಲ್ಲ, ತಂದೆ ಮೆಂಫಿಸ್‌ನ ಕಪ್ಪು ಸಂಗೀತಗಾರ, ತಾಯಿ ಟೊರಾಂಟೋದ ಯಹೂದಿ. ಮಾರಾಟದಲ್ಲಿ ಆತನನ್ನು ಮೀರಿಸಿದ ರ‍್ಯಾಪರ್ ಆ ಕಾಲದಲ್ಲಿ ಇಲ್ಲವೆನ್ನಬಹುದು. ಆದರೂ ಕೆಂಡ್ರಿಕ್ ಆತನನ್ನು ಹೊಡೆದದ್ದು ಒಂದು ಸಾಲದ ಲೆಕ್ಕ ತೆಗೆದು: ಹಣ ಮತ್ತು ಹೊಸ ದನಿ ಬೇಕೆನಿಸಿದಾಗಲೆಲ್ಲ ಅಟ್ಲಾಂಟಾದ ರ‍್ಯಾಪರ್‌ಗಳ ಬಳಿಗೆ ಹೋಗುವ ನೀನು ಅವರ ಜೊತೆಗಾರನಲ್ಲ, ವಸಾಹತುಗಾರ ಎಂದು. ‘ನಾಟ್ ಲೈಕ್ ಅಸ್’ ಎಂಬ ಆ ಹಾಡು 2025ರ ಫೆಬ್ರುವರಿಯಲ್ಲಿ ಐದು ಗ್ರ್ಯಾಮಿ ಗೆದ್ದಿತು, ಅದೇ ತಿಂಗಳು ನ್ಯೂ ಆರ್ಲಿಯನ್ಸ್‌ನ ಅಮೆರಿಕನ್ ಫುಟ್‌ಬಾಲ್ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಕ್ರೀಡಾಂಗಣವೇ ಅದನ್ನು ಹಾಡಿತು. ಆ ಆರೋಪ ನ್ಯಾಯವೇ ಎಂಬುದು ಬೇರೆ ಚರ್ಚೆ. ಒಬ್ಬನ ಅಂಕಿಸಂಖ್ಯೆ ಎಷ್ಟೇ ಇರಲಿ, ಎಲ್ಲಿಂದ ಪಡೆದೆ ಮತ್ತು ಏನನ್ನು ಮರಳಿಸಿದೆ ಎಂದು ಕೇಳುವ ಹಕ್ಕನ್ನು ಈ ಸಮುದಾಯ ಬಿಟ್ಟುಕೊಟ್ಟಿಲ್ಲ ಎಂಬುದಂತೂ ಸ್ಪಷ್ಟವಾಯಿತು.

ಬ್ರ್ಯಾಂಡ್ ನ್ಯೂಬಿಯನ್ ತಂಡದ ಲಾರ್ಡ್ ಜಮಾರ್, ಬಿಳಿಯ ರ‍್ಯಾಪರ್‌ಗಳು ಹಿಪ್ ಹಾಪ್‌ನ ಮನೆಯಲ್ಲಿ ಅತಿಥಿಗಳು ಎಂದು ವರ್ಷಗಳಿಂದ ಹೇಳುತ್ತ ಬಂದಿದ್ದಾನೆ. ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ, ಏಕೆಂದರೆ ನಾಸ್‌ನಿಂದ ಮೆಚ್ಚುಗೆ ಪಡೆದು ಕೆಂಡ್ರಿಕ್‌ಗೆ ಪಾಠವಾದವನನ್ನು ಕೊನೆಯವರೆಗೂ ಜಗಲಿಯ ಮೇಲೆ ಕೂರಿಸುವುದು ಕಲೆಯ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಆದರೆ ಎಮಿನೆಮ್ ಸ್ವತಃ ಅದನ್ನು ಬಹುಪಾಲು ಒಪ್ಪಿ ನಡೆದಿದ್ದಾನೆ. 2022ರ ನವೆಂಬರ್‌ನಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಪಡೆದಾಗ ಆತ ತನ್ನ ಭಾಷಣದ ದೊಡ್ಡ ಪಾಲನ್ನು, ತನಗೆ ಕಲಿಸಿದ ರ‍್ಯಾಪರ್‌ಗಳ ಉದ್ದದ ಪಟ್ಟಿಯೊಂದನ್ನು ಹೆಸರು ಹೆಸರಾಗಿ ಓದಲು ಬಳಸಿದ. ಕೂಲ್ ಹರ್ಕ್‌ನನ್ನು ಅದೇ ಸಂಸ್ಥೆ ಗೌರವಿಸಿದ್ದು ಮರುವರ್ಷ, 2023ರಲ್ಲಿ. ಸೆಜ್ವಿಕ್ ಅವೆನ್ಯೂವಿನ ಪಾರ್ಟಿಯಲ್ಲಿ ರೆಕಾರ್ಡ್ ಹಾಕಿದವನು ಬೀಸ್ಟಿ ಬಾಯ್ಸ್‌ಗಿಂತ ಹನ್ನೊಂದು ವರ್ಷ, ಎಮಿನೆಮ್‌ಗಿಂತ ಒಂದು ವರ್ಷ ತಡವಾಗಿ ಆ ಬಾಗಿಲು ದಾಟಿದ.

ಈ ಪ್ರಶ್ನೆ ನಮ್ಮೂರಿಗೂ ಬಂದಿದೆ. ಬೆಂಗಳೂರಿನ ಬ್ರೋಧ ವಿ ಮತ್ತು ಗೆಳೆಯರು ತಮ್ಮ ತಂಡಕ್ಕೆ ಮಚ್ಚಾಸ್ ವಿತ್ ಆಟಿಟ್ಯೂಡ್ ಎಂದು ಹೆಸರಿಟ್ಟುಕೊಂಡಾಗ ಎನ್.ಡಬ್ಲ್ಯು.ಎ.ಯ (ಕೊನೆಯ ಎರಡಕ್ಷರಗಳೂ ‘ವಿತ್ ಆಟಿಟ್ಯೂಡ್’) ಋಣವನ್ನು ಹೆಸರಿನಲ್ಲೇ ಒಪ್ಪಿಕೊಂಡಿದ್ದರು, ಜೊತೆಗೆ ಮೂಲದ ಹೆಸರಿನಲ್ಲಿದ್ದ, ಕಪ್ಪು ಜನರನ್ನು ಹೀಯಾಳಿಸುವ, ಹಾಗಾಗಿ ತಾವು ಬಳಸಲಾಗದ ಪದವನ್ನು ಬಿಟ್ಟು ಬೆಂಗಳೂರಿನ ‘ಮಚ್ಚ’ನನ್ನು ತಂದಿದ್ದರು. ಎರವಲು ಪಡೆಯುವುದಕ್ಕೆ ಅದು ಒಳ್ಳೆಯ ಮಾದರಿ ಎಂದೇ ನನ್ನ ಭಾವನೆ. 2024ರಲ್ಲಿ ‘ಬಿಗ್ ಡಾಗ್ಸ್’ ಹಾಡಿನಿಂದ ಜಗತ್ತಿನಾದ್ಯಂತ ಕೇಳಿಬಂದ ಹನುಮಾನ್‌ಕೈಂಡ್ ಕೇರಳದಲ್ಲಿ ಹುಟ್ಟಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದು, ಬೆಂಗಳೂರಿನಲ್ಲಿ ರ‍್ಯಾಪರ್ ಆದವನು. ಆತನ ಉಚ್ಚಾರಣೆಯಲ್ಲಿ ಅಮೆರಿಕದ ದಕ್ಷಿಣವಿದೆ, ಅದು ಎರವಲೋ ಬಾಲ್ಯವೋ ಎಂಬ ಜಗಳ ನಡೆದೇ ಇದೆ. ಹ್ಯೂಸ್ಟನ್‌ನಲ್ಲಿ ಬೆಳೆದವನ ಬಾಯಲ್ಲಿ ಹ್ಯೂಸ್ಟನ್ ಇರುವುದು ನನಗೆ ಅಸಹಜವೆನಿಸುವುದಿಲ್ಲ.

ಬಿಲ್‌ಬೋರ್ಡ್ ಪಟ್ಟಿಯ ಐದನೆಯ ಸ್ಥಾನದ ಮಾತು ಬಾಕಿ ಇದೆ. ಪಟ್ಟಿ ನನ್ನದಾಗಿದ್ದರೆ ರಾಕಿಮ್ ಮೊದಲಿಗನಾಗಿರುತ್ತಿದ್ದ, ಮೆಲಿ ಮೆಲ್‌ಗೆ ಮೊದಲ ಹತ್ತರಲ್ಲಿ ಜಾಗವಿರುತ್ತಿತ್ತು. ಎಮಿನೆಮ್‌ನನ್ನು ಎಂಟನೆಯವನಾಗಿಯೋ ಒಂಬತ್ತನೆಯವನಾಗಿಯೋ ಇಡುತ್ತಿದ್ದೆ, ಅದೂ 1999ರಿಂದ 2002ರವರೆಗಿನ ಮೂರು ಆಲ್ಬಮ್‌ಗಳ ಬಲದ ಮೇಲೆ. ಅನಂತರದ ಆಲ್ಬಮ್‌ಗಳಲ್ಲಿ ವೇಗ ಹೆಚ್ಚಿದಷ್ಟೂ ಹೇಳಬೇಕಾದದ್ದು ಕಡಿಮೆಯಾಯಿತೆಂದು ನನ್ನ ಅನಿಸಿಕೆ, ಅದಕ್ಕೂ ಆತನ ಬಣ್ಣಕ್ಕೂ ಸಂಬಂಧವಿಲ್ಲ.